ಹಸ್ತಾಕ್ಷರವೂ ಪಾದಚಿಹ್ನೆಯೂ: ಗಗನಯಾನದ ಸ್ಮಾರಕ ಸಂಗ್ರಹವನ್ನು ಕುರಿತ ಒಂದು ವಿಮರ್ಶೆ

ಗಗನಯಾನದ ಇತಿಹಾಸಕ್ಕೆ ಸಂಬಂಧಪಟ್ಟ, ಸಹಿಯುಳ್ಳ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸವು ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಇಂದು ಒಂದು ಉಪಶಾಸ್ತ್ರದ ಮಟ್ಟಕ್ಕೆ ಬೆಳೆದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಯಾತ್ರಿಕರು ರುಜು ಹಾಕಿದ ಭಾವಚಿತ್ರ, ಅಂಚೆಯ ಲಕೋಟೆ, ನಕಾಶೆ, ಯಾನದ ಕೈಪಿಡಿಯ ಬಿಡಿ ಹಾಳೆ ಇವುಗಳಿಗೆ ಅಲ್ಲಿ ಪರೀಕ್ಷಕರಿದ್ದಾರೆ, ಹರಾಜಿನ ಮನೆಗಳಿವೆ, ಬೆಲೆಯ ತರತಮವಿದೆ. ಅಂತರಿಕ್ಷಕ್ಕೆ ಹೋಗಿಬಂದ ಕಾಗದಕ್ಕೆ ಹೋಗದ ಕಾಗದಕ್ಕಿಂತ ಹೆಚ್ಚಿನ ಬೆಲೆ. ಪ್ರಸಿದ್ಧನ ಸಹಿಗೆ ಅಪ್ರಸಿದ್ಧನ ಸಹಿಗಿಂತ ಹೆಚ್ಚಿನ ಬೆಲೆ. ಈ ತರತಮವು ಯಾವ ತತ್ತ್ವವನ್ನು ಆಧರಿಸಿದೆ, ಅದು ಇತಿಹಾಸದ ವಿದ್ಯಾರ್ಥಿಗೆ ಎಷ್ಟರಮಟ್ಟಿಗೆ ಗ್ರಾಹ್ಯ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಕಾಲೇಜುಗಳಲ್ಲಿ ಪಾಠ ಹೇಳುವವರಿಗೂ ಓದುವವರಿಗೂ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಈ ಹವ್ಯಾಸವು ನಮ್ಮ ಸೀಮೆಯಲ್ಲಿ ಬೇರುಬಿಟ್ಟಿದೆಯೆಂದು ನಾವು ಹೇಳಹೊರಟಿಲ್ಲ. ಆದರೆ ಒಂದು ಗುರುತಿನಲ್ಲಿ ಮಹಾವ್ಯಕ್ತಿಯೊಬ್ಬನ ಸನ್ನಿಧಿಯನ್ನು ಕಾಣುವ ಶ್ರದ್ಧೆಯಾಗಲಿ, ಆ ಗುರುತು ಯಾರ ಕೈಯದೆಂದು ಕೇಳುವ ವಿವೇಕವಾಗಲಿ ಈ ನೆಲಕ್ಕೆ ಹೊಸದಲ್ಲ. ಇಲ್ಲಿಯ ಬಂಡೆಗಳನ್ನು ಓದಿ ಕಲಿತುದನ್ನು ಆ ಲಕೋಟೆಗಳಿಗೆ ಅನ್ವಯಿಸಿದರೆ ಪಾಶ್ಚಾತ್ಯ ಸಂಗ್ರಾಹಕರ ತೂಕದ ಬಟ್ಟುಗಳು ಎಲ್ಲಿ ಸರಿಯಾಗಿವೆ, ಎಲ್ಲಿ ಸವೆದಿವೆ ಎಂಬುದು ತಿಳಿದುಬರುತ್ತದೆಂದು ನಮ್ಮ ನಂಬಿಕೆ.

ಕೊಪ್ಪಳದ ಪಲ್ಕಿಗುಂಡಿನ ಬೆಟ್ಟದ ಮೇಲೆ, ಅಶೋಕನ ಶಾಸನವಿರುವ ಸ್ಥಳದ ಸಮೀಪದಲ್ಲಿ, ಬಂಡೆಯಲ್ಲಿ ಕಡೆದ ಒಂದು ಜೊತೆ ಪಾದಗಳಿವೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಅವುಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದೂ ಅಲ್ಲಿಯೇ ಇರುವ ಹಳಗನ್ನಡದ ಚಿಕ್ಕ ಬರಹವು ತಿಳಿಸುತ್ತದೆ. ಈ ಆಚಾರ್ಯರು ಸಂಸ್ಕೃತದ ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿಗಳೇ ಎಂದು ವಿದ್ವಾಂಸರು ಎಣಿಸಿದ್ದಾರೆ. ಆ ಕಾವ್ಯವನ್ನು ಆ. ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇಲ್ಲಿ ನಾವು ಗಮನಿಸತಕ್ಕ ಸಂಗತಿ ಬೇರೊಂದಿದೆ. ಬಂಡೆಯ ಮೇಲಿರುವುದು ಆಚಾರ್ಯರು ಕಾಲೂರಿದಾಗ ಮೂಡಿದ ಗುರುತಲ್ಲ. ಭಕ್ತರು ಹಾಗೆಂದು ಭಾವಿಸಿ ಕೈಮುಗಿದರೆ ಅದಕ್ಕೆ ನಾವು ಅಡ್ಡಿ ಹೇಳಬೇಕಾಗಿಲ್ಲ. ಚಾವಯ್ಯನಾದರೋ ಆ ಭ್ರಾಂತಿಗೆ ಎಡೆಗೊಡಲಿಲ್ಲ. ಮಾಡಿಸಿದನೆಂಬ ಒಂದು ಪ್ರೇರಣಾರ್ಥಕ ಕ್ರಿಯಾಪದದಲ್ಲಿ ಅವನು ಮೂವರನ್ನು ಬೇರೆಬೇರೆಯಾಗಿ ನಿಲ್ಲಿಸಿದ್ದಾನೆ: ಪಾದ ಆಚಾರ್ಯರದು, ಶ್ರದ್ಧೆ ತನ್ನದು, ಉಳಿ ಮತ್ತೊಬ್ಬನದು. ಆ ಮತ್ತೊಬ್ಬನ ಹೆಸರು ನಮಗೆ ಉಳಿಯದೆ ಹೋದುದು ವಿಷಾದದ ಮಾತು. ಆದರೂ ಸ್ಮಾರಕವು ತನ್ನ ಹುಟ್ಟನ್ನು ತಾನೇ ಹೇಳಿಕೊಳ್ಳುತ್ತದೆ; ಅದರ ಪ್ರಾಮಾಣ್ಯವಿರುವುದು ಅಲ್ಲಿಯೇ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಗಗನಯಾತ್ರಿಕರ ಸಹಿಗಳಲ್ಲಿ ದೊರೆಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಯಾತ್ರಿಕರ ಸಹಿಯನ್ನು ಬೇಡಿ ಬರುತ್ತಿದ್ದ ಕಾಗದಗಳ ರಾಶಿಗೆ ಕೈಯಾರೆ ಉತ್ತರಿಸುವುದು ದುಸ್ಸಾಧ್ಯವಾದಾಗ ಆಟೋಪೆನ್ ಎಂಬ ಯಂತ್ರದ ಸಹಾಯವನ್ನು ಪಡೆಯಲಾಯಿತು. ಸಹಿಯೊಂದರ ಅಚ್ಚನ್ನು ಅನುಸರಿಸಿ ಈ ಯಂತ್ರದ ತೋಳು ನಿಜವಾದ ಲೇಖನಿಯಿಂದ, ನಿಜವಾದ ಮಸಿಯಿಂದಲೇ ಬರೆಯುತ್ತದೆ. ಆದುದರಿಂದ ಮಸಿಯನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಪರೀಕ್ಷಕರು ಮಾಡುವುದಿಷ್ಟೆ: ಎರಡು ಸಹಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಅವು ಗೆರೆಗೆ ಗೆರೆ ಕೂಡಿದರೆ ಯಂತ್ರದವು; ಮನುಷ್ಯನ ಕೈ ಒಂದೇ ಹೆಸರನ್ನು ಎರಡು ಸಲ ಒಂದೇ ವಿಧವಾಗಿ ಬರೆಯಲಾರದು.

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಈ ನ್ಯಾಯವು ಪರಿಚಿತವೆನಿಸಬೇಕು. ಎರಡು ಓಲೆಯ ಪ್ರತಿಗಳಲ್ಲಿ ಒಂದೇ ತಪ್ಪು ಒಂದೇ ಸ್ಥಳದಲ್ಲಿ ಕಂಡುಬಂದರೆ ಅವುಗಳಿಗೆ ಸಮಾನವಾದ ಒಂದು ಮೂಲವಿದೆಯೆಂದು ನಾವು ಊಹಿಸುತ್ತೇವೆ. ಅತಿಯಾದ ಹೊಂದಿಕೆಯು ಎರಡೂ ಕಡೆಗಳಲ್ಲಿ ಒಂದೇ ಅರ್ಥವನ್ನು ಕೊಡುತ್ತದೆ: ಇವು ಸ್ವತಂತ್ರ ಸಾಕ್ಷಿಗಳಲ್ಲ. ಸಂಗ್ರಾಹಕರು ಕಂಡುಕೊಂಡ ಈ ಪರೀಕ್ಷೆಯನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಯಂತ್ರದ ಸಹಿಯನ್ನು ಕಳಿಸಿಕೊಟ್ಟವರನ್ನು ವಂಚಕರೆಂದು ಕರೆಯಲೂ ನಮಗೆ ಮನಸ್ಸಿಲ್ಲ. ಹುಡುಗನೊಬ್ಬನಿಗೆ ಉತ್ತರ ತಲುಪಲೆಂಬ ಸೌಜನ್ಯವೇ ಅವರದಾಗಿತ್ತು. ಆದರೆ ಚಾವಯ್ಯನು ಬರೆಯಿಸಿದ ಆ ಒಂದು ಮಾತು ಈ ಚಿತ್ರಗಳ ಮೇಲೆ ಇರಲಿಲ್ಲ. ಅದಿಲ್ಲದ್ದರಿಂದಲೇ ಸೌಜನ್ಯದ ಕುರುಹು ವ್ಯಾಪಾರದ ಕೈಗೆ ಸಿಕ್ಕು ಸುಳ್ಳುಸಾಕ್ಷಿಯಾಯಿತು. ತಮ್ಮ ಸಹಿಗಳು ಮಾರಾಟದ ಸರಕಾದುದನ್ನು ಕಂಡು ನೀಲ್ ಆರ್ಮ್‌ಸ್ಟ್ರಾಂಗರು 1994ರ ಸುಮಾರಿಗೆ ಸಹಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಅಷ್ಟಕ್ಕೂ ಸಂತೆ ನಿಲ್ಲಲಿಲ್ಲವೆಂಬುದಕ್ಕೆ, ಅವರ ಕ್ಷೌರಿಕನು ಅವರ ಕೂದಲನ್ನು ಸಂಗ್ರಾಹಕನೊಬ್ಬನಿಗೆ ಮಾರಿದ ಸಂಗತಿಯು 2005ರಲ್ಲಿ ಹೊರಬಿದ್ದುದೇ ಸಾಕ್ಷಿ.

ಸಹಿಯೆಂದರೆ ಸನ್ನಿಧಿಯೆಂಬ ಭಾವನೆಯು ಎಷ್ಟು ಸಡಿಲವಾದುದೆಂಬುದಕ್ಕೆ ಚಂದ್ರನ ಮೇಲೆಯೇ ಒಂದು ನಿದರ್ಶನವಿದೆ. 1969ರ ಜುಲೈ 20ರಂದು ಅಪೊಲೊ 11ರ ಯಾತ್ರಿಕರು ಇಳಿದ ನೌಕೆಯ ಕಾಲಿಗೆ ಜೋಡಿಸಿದ್ದ ಲೋಹದ ಫಲಕದಲ್ಲಿ ನಾಲ್ವರ ಸಹಿಗಳಿವೆ: ಆರ್ಮ್‌ಸ್ಟ್ರಾಂಗ್, ಕಾಲಿನ್ಸ್, ಆಲ್ಡ್ರಿನ್ ಮತ್ತು ರಾಷ್ಟ್ರಾಧ್ಯಕ್ಷ ನಿಕ್ಸನ್. ಇವರಲ್ಲಿ ಕಾಲಿನ್ಸರು ಚಂದ್ರನ ನೆಲಕ್ಕೆ ಇಳಿಯಲಿಲ್ಲ. ನಿಕ್ಸನರು ಭೂಮಿಯನ್ನೇ ಬಿಡಲಿಲ್ಲ. ನಾಲ್ಕು ಸಹಿಗಳೂ ಲೋಹದಲ್ಲಿ ಕೊರೆದ ಪ್ರತಿರೂಪಗಳು. ಆದರೂ ಫಲಕವು ಸುಳ್ಳಲ್ಲ. ಅದು ಶಾಸನಜಾತಿಗೆ ಸೇರಿದ್ದು. ಗವಿಮಠದ ಬಂಡೆಯ ಮೇಲೆ ಅಶೋಕನ ಮಾತಿದೆ, ಅಶೋಕನ ಕೈಯಿಲ್ಲ. ಅರಸನು ಇಲ್ಲಿಗೆ ಬಂದು ಉಳಿ ಹಿಡಿದನೆಂದು ಯಾರೂ ತಿಳಿಯುವುದಿಲ್ಲ. 1931ರಲ್ಲಿ ಬೆಳಕಿಗೆ ಬಂದು 1932ರಲ್ಲಿ ಟರ್ನರರಿಂದ ಪ್ರಕಟವಾದ ಕೊಪ್ಪಳದ ಈ ಶಾಸನಗಳು ಅರಸನ ಇಚ್ಛೆಗೆ ಸಾಕ್ಷಿ, ಅವನ ಬರವಿಗೆಗಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿರಲಾಗದು. ಗವಿಮಠದ ಶಾಸನದಲ್ಲಿ ಬರೆದವನ ಹೆಸರಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿರಲು, ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದನು. ಖರೋಷ್ಠಿಯು ವಾಯವ್ಯ ಸೀಮೆಯ ಲಿಪಿ. ದೂರದಿಂದ ಬಂದ ಒಬ್ಬ ಕಸಬುದಾರನ ಹೆಮ್ಮೆ, ಅವನು ಅಕ್ಷರ ಕಲಿತ ಸೀಮೆ, ಅರಸನ ಆಡಳಿತದಲ್ಲಿ ಬರಹಗಾರರು ಸಂಚರಿಸುತ್ತಿದ್ದ ದೂರ ಇವೆಲ್ಲ ಆ ಒಂದು ಶಬ್ದದಿಂದ ಹೊರಡುತ್ತವೆ. ಇಂದಿನ ಹರಾಜಿನ ಮನೆಯ ಲೆಕ್ಕದಲ್ಲಿ ಚಪಡನಿಗೆ ಕಾಸಿನ ಬೆಲೆಯಿಲ್ಲ. ಇತಿಹಾಸಕಾರನಿಗಾದರೋ ಇಂಥ ಸಹಿಯೇ ಸಹಿ, ಏಕೆಂದರೆ ಸಹಿ ಹಾಕಿದವನೂ ಕೆಲಸ ಮಾಡಿದವನೂ ಇಲ್ಲಿ ಒಬ್ಬನೇ.

ಈ ಅಳತೆಗೋಲನ್ನು ಹಿಡಿದು ನೋಡಿದಾಗ ಗಗನಯಾನದ ಲಕೋಟೆಗಳಲ್ಲಿ ನಮಗೆ ಎಲ್ಲಕ್ಕಿಂತ ಬೆಲೆಯುಳ್ಳವಾಗಿ ತೋರುವುವು ಅಂತರಿಕ್ಷಕ್ಕೆ ಹೋಗದೆ ಉಳಿದವು. ಅಪೊಲೊ 11ರಿಂದ ಅಪೊಲೊ 16ರವರೆಗಿನ ಯಾನಗಳ ಯಾತ್ರಿಕರು ಹೊರಡುವ ಮೊದಲು ಲಕೋಟೆಗಳ ಮೇಲೆ ಸಹಿ ಹಾಕಿ ಮನೆಯವರಿಗಾಗಿ ಇಟ್ಟುಹೋಗುತ್ತಿದ್ದರು. ಅವರ ಅಪಾಯಕ್ಕೆ ತಕ್ಕ ಜೀವವಿಮೆಯನ್ನು ಅವರ ಸಂಬಳದಲ್ಲಿ ಕೊಳ್ಳುವುದು ಕಷ್ಟವಾಗಿತ್ತು. ಆ ಲಕೋಟೆಗಳಿಗೆ ಯಾನದ ಮುಖ್ಯ ದಿನಗಳಂದು ಗೆಳೆಯರು ಅಂಚೆಯ ಠಸ್ಸೆ ಹಾಕಿಸುತ್ತಿದ್ದರು. ತಾವು ಹಿಂದಿರುಗದಿದ್ದರೆ ಅವನ್ನು ಮಾರಿ ಮಡದಿಮಕ್ಕಳು ಬದುಕಲಿ ಎಂಬುದು ಉದ್ದೇಶ. ಸಂಗ್ರಾಹಕರು ಇವನ್ನು ವಿಮೆಯ ಲಕೋಟೆಗಳೆಂದು ಕರೆಯುತ್ತಾರೆ. ಇವು ಯಾನದಲ್ಲಿ ಹೋಗಿಬರದ ಕಾರಣ ಕೆಲವರು ಇವನ್ನು ಎರಡನೆಯ ತರಗತಿಗೆ ಇಳಿಸುತ್ತಾರೆ. ನಾವು ಇದನ್ನು ಒಪ್ಪಲಾರೆವು. ಲಕೋಟೆಯ ಮೇಲೆ ಎರಡು ಕಾಲಗಳಿವೆ: ಸಹಿಯ ಕಾಲ, ಠಸ್ಸೆಯ ಕಾಲ. ಠಸ್ಸೆ ವಿಜಯದ ದಿನದ್ದು. ಸಹಿ ಅದಕ್ಕೆ ಹಿಂದಿನದು, ವಿಜಯವಾಗುವುದೋ ಇಲ್ಲವೋ ಎಂಬುದು ತಿಳಿಯದಿದ್ದಾಗಿನದು. ನಮ್ಮ ಹಳ್ಳಿಗಳ ಹೊರವಲಯದಲ್ಲಿ ನಿಂತಿರುವ ವೀರಗಲ್ಲುಗಳನ್ನು ಬಲ್ಲವರಿಗೆ ಇದರ ಸ್ವರೂಪ ಥಟ್ಟನೆ ಹೊಳೆಯುತ್ತದೆ. ವೀರಗಲ್ಲನ್ನು ಸತ್ತವನಿಗಾಗಿ ಉಳಿದವರು ನಿಲ್ಲಿಸುತ್ತಾರೆ, ಸತ್ತವನ ಮನೆತನಕ್ಕೆ ಭೂಮಿಯನ್ನು ಬಿಡುವುದೂ ಉಂಟು. ಇಲ್ಲಿ ವೀರನು ತನ್ನ ಕಲ್ಲನ್ನು ತಾನೇ ಮುಂಗಡವಾಗಿ ಬರೆದಿಟ್ಟು ಮನೆಯವರ ಜೀವನಾಂಶಕ್ಕೆ ತಾನೇ ಏರ್ಪಾಟು ಮಾಡಿದ್ದಾನೆ. ಪತ್ರಿಕೆಗಳ ವಿಜಯಘೋಷದಲ್ಲಿ ಕೇಳಬಾರದ ಒಂದು ದನಿ ಈ ಮಸಿಯಲ್ಲಿ ಕೇಳಬರುತ್ತದೆ. ಮಾರುಕಟ್ಟೆಯು ಇದನ್ನು ಚಂದ್ರನ ಲೆಕ್ಕದಲ್ಲಿ ಬರೆದುಕೊಂಡಿದೆ. ಸೇರಬೇಕಾದುದು ಸಂಸಾರದ ಲೆಕ್ಕಕ್ಕೆ.

ಇದಕ್ಕೆ ಹೋಲಿಸತಕ್ಕದ್ದು ಅಪೊಲೊ 15ರ ಪ್ರಕರಣ. 1971ರ ಜುಲೈ 26ರಂದು ಹೊರಟ ಆ ಯಾನದಲ್ಲಿ ಸ್ಕಾಟ್, ವರ್ಡನ್, ಅರ್ವಿನ್ ಎಂಬ ಮೂವರು ಅನುಮತಿಯ ಪಟ್ಟಿಯಲ್ಲಿಲ್ಲದ 398 ಲಕೋಟೆಗಳನ್ನು ಚಂದ್ರನವರೆಗೆ ಒಯ್ದು ತಂದರು. ಅವುಗಳಲ್ಲಿ 100 ಜರ್ಮನಿಯ ವ್ಯಾಪಾರಿ ಸೀಗರನಿಗೆ ಸೇರಿ ಒಂದಕ್ಕೆ 4,850 ಮಾರ್ಕಿನಂತೆ ಮಾರಾಟವಾದವು. ಹೊರಟ ದಿನ ಕೆನಡಿ ಕೇಂದ್ರದ ಠಸ್ಸೆ, ಮರಳಿದ ಆಗಸ್ಟ್ 7ರಂದು ಓಕಿನಾವ ನೌಕೆಯ ಠಸ್ಸೆ, ಯಾತ್ರಿಕರ ಸಹಿ, ಇವು ಚಂದ್ರನ ಮೇಲಿದ್ದವೆಂಬ ಪ್ರಮಾಣವಾಕ್ಯ ಎಲ್ಲವೂ ಇದ್ದವು, ಎಲ್ಲವೂ ನಿಜವಾಗಿದ್ದವು. ಸುದ್ದಿ ಹೊರಬಿದ್ದಾಗ ಯಾತ್ರಿಕರು ಹಣವನ್ನು ಬಿಟ್ಟುಕೊಟ್ಟರು. ಆದರೂ 1972ರಲ್ಲಿ ಅವರಿಗೆ ಛೀಮಾರಿಯಾಯಿತು, ಮತ್ತೆ ಅವರು ಗಗನಕ್ಕೆ ಹೋಗಲಿಲ್ಲ. ಸರ್ಕಾರ ಇರಿಸಿಕೊಂಡಿದ್ದ ಲಕೋಟೆಗಳು 1983ರಲ್ಲಿ ಅವರಿಗೆ ಹಿಂದಿರುಗಿದವು. ಫ್ಲೀಟರು ಕೂಟಶಾಸನಗಳ ಪಟ್ಟಿಯೊಂದನ್ನು ಮಾಡಿದ್ದರೆಂಬುದು ಶಾಸನಾಭ್ಯಾಸಿಗಳಿಗೆ ಗೊತ್ತು. ಅಲ್ಲಿ ದಾನವು ಸುಳ್ಳು, ಅದನ್ನು ಹೇಳುವ ತಾಮ್ರಪಟವೂ ಸುಳ್ಳು. ಇಲ್ಲಿ ಬರಹದಲ್ಲಿ ಕೂಟವಿಲ್ಲ, ಕೃತ್ಯದಲ್ಲಿ ಕೂಟ. ಕೃತಕವಲ್ಲದ ಮಾತ್ರಕ್ಕೆ ಒಂದು ವಸ್ತುವು ನಿರ್ದೋಷವಾಗುವುದಿಲ್ಲವೆಂಬ ಭೇದವನ್ನು ಸಂಗ್ರಾಹಕರ ಪಟ್ಟಿಗಳು ಮಾಡುವುದು ವಿರಳ. ವಿಚಿತ್ರವೆಂದರೆ ಈ ಅಪವಾದವೇ ಅವುಗಳ ಕೀರ್ತಿಯನ್ನು ಹೆಚ್ಚಿಸಿದೆ.

ಸಹಿಯೇ ಇಲ್ಲದ ವಸ್ತುಗಳ ಗತಿಯೇನು? ಗಂಗಾವತಿಯ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ನಾನೂರರ ಸಮೀಪದಷ್ಟು ಬೃಹತ್ ಶಿಲಾಸಮಾಧಿಗಳಿವೆ. ಒಂದರ ಮೇಲೂ ಒಂದಕ್ಷರವಿಲ್ಲ. ಜನರು ಅದನ್ನು ಮೋರ್ಯರ ಗುಡ್ಡವೆಂದು ಕರೆದು ತಮಗೆ ತಿಳಿದಂತೆ ಒಂದು ಹೆಸರನ್ನು ಕೊಟ್ಟಿದ್ದಾರೆ. ಆ ಕಲ್ಲುಗಳಿಗೆ ಸಾಕ್ಷಿ ಹೇಳುವುದು ಅವು ನಿಂತಿರುವ ನೆಲ. ಒಂದು ಚಪ್ಪಡಿಯನ್ನು ಅಲ್ಲಿಂದ ಕಿತ್ತು ನಗರದ ಬಂಗಲೆಯ ತೋಟದಲ್ಲಿ ನಿಲ್ಲಿಸಿದರೆ ಅದು ಬರಿಯ ಚಪ್ಪಡಿಯಾಗುತ್ತದೆ. ಗಗನಯಾನದ ಹಾಳೆಯೊಂದನ್ನು ಅದರ ದಫ್ತರದಿಂದ ಬಿಡಿಸಿ, ಬಿಡಿಬಿಡಿಯಾಗಿ ಮಾರುವುದು ಇಂಥದೇ ಕೃತ್ಯ. ಸಹಿಯಿದೆಯೆಂಬ ಕಾರಣದಿಂದ ಹಾಳೆಯನ್ನು ಕಿತ್ತವನು ಆ ಸಹಿಗಿದ್ದ ಅರ್ಥವನ್ನು ಅಲ್ಲಿಯೇ ಬಿಟ್ಟುಬಂದಿರುತ್ತಾನೆ.

ಈಗ ನಮ್ಮ ನಾಡಿನ ವಿಷಯ. ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವು ಉಡುಪಿ ಸೀಮೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪೂಸ್ತಿನ್ ಯಾರ್ ಎಂಬಲ್ಲಿಂದ ಗಗನಕ್ಕೇರಿತು. ತೂಕ 360 ಕಿಲೋಗ್ರಾಂ. ವಿದ್ಯುತ್ತಿನ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದರೂ ಅದು 1992ರವರೆಗೆ ಭೂಮಿಯನ್ನು ಸುತ್ತುತ್ತಲೇ ಇತ್ತು. ಅಂಚೆಯ ಇಲಾಖೆಯು ಏಪ್ರಿಲ್ 20ರಂದು 25 ಪೈಸೆಯ ಚೀಟಿಯನ್ನು ಹೊರಡಿಸಿತು. ಮರುವರ್ಷ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಆರ್ಯಭಟದ ಚಿತ್ರವು ಬಂದಿತು. ಗಂಗಾವತಿಯ ಭತ್ತದ ಪೇಟೆಯಿಂದ ಕುಷ್ಟಗಿಯ ಸಂತೆಯವರೆಗೆ ಕೈಯಿಂದ ಕೈಗೆ ಹೋದ, ಗಗನಯಾನಕ್ಕೆ ಸಂಬಂಧಪಟ್ಟ ಸಹಿಯುಳ್ಳ ಕಾಗದ ಇದು. ಸಹಿ ರಿಸರ್ವ್ ಬ್ಯಾಂಕಿನ ಗವರ್ನರರದು. 1982ರಿಂದ 1985ರವರೆಗೆ ಆ ಸ್ಥಾನದಲ್ಲಿದ್ದ ಮನಮೋಹನ ಸಿಂಗರ ಸಹಿಯುಳ್ಳ ಪ್ರತಿಗಳೂ ಉಂಟು. ಆ ಸಹಿ ಎರಡು ರೂಪಾಯಿಯನ್ನು ಕೊಡುವ ವಚನಕ್ಕೆ ಸಾಕ್ಷಿಯೇ ಹೊರತು ಉಪಗ್ರಹಕ್ಕಲ್ಲ. ಈ ನೋಟಿನ ಮುದ್ರಣವು 1995ರಲ್ಲಿ ನಿಂತಿತು. ಹಳೆಯ ಪೆಟ್ಟಿಗೆಗಳಲ್ಲಿ ಅದು ಇನ್ನೂ ದೊರೆಯುತ್ತದೆ, ಸಂಗ್ರಾಹಕರು ಗವರ್ನರರ ಹೆಸರನ್ನು ನೋಡಿ ಬೆಲೆ ಕಟ್ಟುತ್ತಾರೆ.

ಹಾಗಾದರೆ ಆರ್ಯಭಟಕ್ಕೆ ಚಪಡನ ಸಹಿ ಎಲ್ಲಿದೆ? ಒಂದು ಉಪಗ್ರಹವನ್ನು ಕಟ್ಟುವಾಗ ಪ್ರತಿಯೊಂದು ಭಾಗದ ಪರೀಕ್ಷೆಗೂ ಒಂದು ಕಾಗದವಿರುತ್ತದೆ. ಪರೀಕ್ಷಿಸಿದವನು, ಸರಿಯೆಂದು ಒಪ್ಪಿದವನು ಅದಕ್ಕೆ ಸಹಿ ಹಾಕಬೇಕು. ಯಾರೂ ಸಂಗ್ರಹಕ್ಕಾಗಿ ಹಾಕಿದ ಸಹಿಯಲ್ಲ ಅದು. ತಪ್ಪಿದರೆ ಉತ್ತರ ಹೇಳುವೆನೆಂಬ ಒಪ್ಪಿಗೆ. ಪೀಣ್ಯದಲ್ಲಿ ದುಡಿದವರಲ್ಲಿ ಹಲವರು ಆಗ ಎಳೆಯರು. ಇಂದು ಅವರು ವೃದ್ಧರು, ನೇತೃತ್ವ ವಹಿಸಿದ್ದ ರಾವ್ ಅವರು 2017ರಲ್ಲಿ ತೀರಿಕೊಂಡರು. ಯಾತ್ರಿಕನ ಒಂದು ಭಾವಚಿತ್ರಕ್ಕೆ ಸಾವಿರಾರು ರೂಪಾಯಿಗಳನ್ನು ತೆರುವ ನಮ್ಮವರು ಅಂಥ ಒಬ್ಬ ಕುಶಲಕರ್ಮಿಯ ಟಿಪ್ಪಣಿಪುಸ್ತಕವನ್ನು ರದ್ದಿಯವನಿಗೆ ತೂಗಿಸಿಕೊಡುವುದು ಅಸಂಭವವೇನೂ ಅಲ್ಲ. ವಿಮರ್ಶೆಯಲ್ಲಿ ತೂಕ ತಪ್ಪಿದರೆ ಆಗುವ ನಷ್ಟ ಇಂಥದು.

ನಮ್ಮ ನಾಲ್ಕು ತಾಲೂಕುಗಳ ಕಾಲೇಜುಗಳಲ್ಲಿ ಈ ದಿಕ್ಕಿನ ಕೆಲಸಕ್ಕೆ ಹಣವೇನೂ ಬೇಕಾಗಿಲ್ಲ. ಯಲಬುರ್ಗಾದ ಒಬ್ಬ ನಿವೃತ್ತ ಉಪಾಧ್ಯಾಯರ ಪೆಟ್ಟಿಗೆಯಲ್ಲಿ 1975ರ ಏಪ್ರಿಲಿನ ಲಕೋಟೆಯೊಂದು ದೊರೆಯಿತೆಂದು ಇಟ್ಟುಕೊಳ್ಳೋಣ. ಅದರ ಮೇಲೆ ಗಣ್ಯರ ಸಹಿ ಇದೆಯೇ ಎಂದು ಮೊದಲು ಕೇಳುವುದು ಸಲ್ಲದು. ಯಾವ ಊರಿನ ಠಸ್ಸೆ, ವಿಳಾಸ ಬರೆದ ಕೈ ಯಾರದು, ಯಾರಿಂದ ಯಾರಿಗೆ ಬಂತು, ಕೊಪ್ಪಳವು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಆ ಕಾಲದಲ್ಲಿ ಉಪಗ್ರಹದ ಸುದ್ದಿಯನ್ನು ಆ ಮನೆಯವರು ಹೇಗೆ ತಿಳಿದರು ಎಂಬುದನ್ನು ಕೇಳಿ ಬರೆದಿಡಬೇಕು. ಹೇಳಿದವರ ಹೆಸರನ್ನೂ ಬರೆದುಕೊಂಡವರ ಹೆಸರನ್ನೂ ಕೆಳಗೆ ಕಾಣಿಸಬೇಕು. ಲಕೋಟೆಯನ್ನು ಅವರ ಮನೆಯಲ್ಲಿಯೇ ಬಿಟ್ಟುಬರುವುದು ಮೇಲು.

2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐಐಟಿಯೂ ಸಿದ್ಧಗೊಳಿಸಿದ ಪ್ರಯೋಗವೊಂದರಲ್ಲಿ ಹೆಸರುಕಾಳನ್ನೂ ಮೆಂತ್ಯವನ್ನೂ ಅಲ್ಲಿ ಮೊಳೆಯಿಸಲಾಯಿತು. ಯಲಬುರ್ಗಾದ ಎರೆಹೊಲಗಳಲ್ಲಿ ಮುಂಗಾರಿಗೆ ಬಿತ್ತುವ ಹೆಸರು ಇದೇ ಹೆಸರು. ಕಾಳಿನ ಮೇಲೆ ಯಾರೂ ಸಹಿ ಹಾಕಲಾರರು. ಹೋಗಿಬಂದ ಕಾಳನ್ನು ಹೋಗದ ಕಾಳಿನಿಂದ ಕಣ್ಣು ಬೇರ್ಪಡಿಸಲಾರದು. ಅದನ್ನು ಬೇರ್ಪಡಿಸುವುದು ಪೊಟ್ಟಣದ ಮೇಲಿನ ಸಂಖ್ಯೆ, ಆ ಸಂಖ್ಯೆಯನ್ನು ದಾಖಲುಮಾಡಿದ ಪುಸ್ತಕ, ಆ ಪುಸ್ತಕದ ಅಂಚಿನಲ್ಲಿ ದಿನವೂ ಬೀಳುವ ಒಂದು ಸಣ್ಣ ಸಹಿ.

ಇನ್ನು ಚಂದ್ರನ ಮೇಲೆ ನಮ್ಮದೇ ಒಂದು ಗುರುತು ಇರಬೇಕಾಗಿತ್ತು. 2023ರ ಆಗಸ್ಟ್ 23ರಂದು ವಿಕ್ರಮ ನೌಕೆಯು ಇಳಿದ ಮೇಲೆ ಹೊರಬಂದ ಪ್ರಜ್ಞಾನ ವಾಹನದ ಹಿಂಗಾಲಿಗಳಲ್ಲಿ ಇಸ್ರೋದ ಲಾಂಛನವನ್ನೂ ಅಶೋಕನ ಸಿಂಹಗಳುಳ್ಳ ರಾಷ್ಟ್ರಲಾಂಛನವನ್ನೂ ಕೊರೆಯಲಾಗಿತ್ತು. ಉರುಳಿದಲ್ಲೆಲ್ಲ ಅವು ಧೂಳಿನಲ್ಲಿ ಮುದ್ರೆಯಾಗಿ ಮೂಡಲೆಂಬುದು ಉದ್ದೇಶ. ಅಲ್ಲಿಯ ಮಣ್ಣು ಹೆಂಟೆಹೆಂಟೆಯಾಗಿದ್ದುದರಿಂದ ಮುದ್ರೆಯು ಸ್ಪಷ್ಟವಾಗಿ ಮೂಡಲಿಲ್ಲ. ವಿಜ್ಞಾನಿಗಳು ಇದಕ್ಕಾಗಿ ಪರಿತಪಿಸಲಿಲ್ಲ. ಮೂಡದಿದ್ದ ಮುದ್ರೆಯಿಂದಲೇ ಆ ಮಣ್ಣಿನ ಗುಣವನ್ನು ಗುರುತಿಸಿದರು.